ಫ್ರೆಂಚ್ ಫ್ರೈಸ್‌ಗೆ ಬಳ್ಳೊಳ್ಳಿ ಖಾರ, ವರನಿಗೆ ಸಾಸ್

ಹೆಣ್ಣು ನೋಡಲು ಬಂದವರ ಮುಂದೆ ಯಾರಾದರೂ ಫ್ರೆಂಚ್ ಫ್ರೈಸ್ ಇಡುತ್ತಾರೆಯೇ?

ನಮ್ಮ ಮನೆಯಲ್ಲಿ ಇಟ್ಟರು. ಕಳೆದ ಭಾನುವಾರ, ಸಿಂದಗಿಯಲ್ಲಿ, ಹಗಲು ಹನ್ನೊಂದು ಗಂಟೆಗೆ.

ಮೊಮ್ಮಕ್ಕಳೇ, ನಿಮಗಿದು ನಗು. ನನಗೆ ಎದೆ ಧಸಕ್ಕೆಂದಿತು. ನಮ್ಮ ಕಾಲದಲ್ಲಿ ಉಪ್ಪಿಟ್ಟು, ಶಿರಾ, ಚಹಾ. ಅಷ್ಟೇ. (ಉಪ್ಪಿಟ್ಟು ಗಂಟಾದರೂ ಮದುವೆ ನಿಲ್ಲುತ್ತಿರಲಿಲ್ಲ.) ಈಗ ನೋಡಿ, ನನ್ನ ಹಿರಿಯ ಮೊಮ್ಮಗಳು ಅಕ್ಷತಾ, ಹೈಸ್ಕೂಲ್ ಟೀಚರ್, ತಾನೇ ಆಲೂಗಡ್ಡೆ ಕರಿದು ತಟ್ಟೆಯಲ್ಲಿ ಗುಡ್ಡೆ ಹಾಕಿದಳು. ಸುತ್ತಲೂ ಬಟ್ಟಲು. ಟೊಮೆಟೊ ಸಾಸ್, ಬೆಳ್ಳಗಿನ ಮೇಯೊನೀಸ್. ಅವು ಅಂಗಡಿಯವು, ಇರಲಿ. ಆದರೆ ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ? ಗುರೆಳ್ಳು ಹಿಂಡಿ? ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ, ಮೇಲೆ ಹಸಿ ಎಣ್ಣೆ? ರೊಟ್ಟಿಯ ಜೊತೆಗಾರರನ್ನೆಲ್ಲ ಎಬ್ಬಿಸಿ ತಂದು ಆಲೂಗಡ್ಡೆಯ ಪಕ್ಕ ಕೂರಿಸಿದ್ದಳು!

(ಯಾರೂ ನೋಡದಾಗ ಒಂದು ಕಡ್ಡಿಗೆ ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು.)

ಹುಡುಗ ಇಂಡಿ ಊರಿನವನು. ಬ್ಯಾಂಕ್ ನೌಕರಿ, ಮೂವತ್ತು ವರ್ಷ, ಲಕ್ಷಣವಾಗಿದ್ದ. ಪಕ್ಕದಲ್ಲಿ ಅವನ ತಾಯಿ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಇಂಥ ಕಾರ್ಯದಲ್ಲಿ ಮುಂದೆ ಬಂದು ಕೂರುವ ರೂಢಿ ನನಗಿಲ್ಲ.

ಅಕ್ಷತಾ ನೇರವಾಗಿ ಹುಡುಗನನ್ನೇ ಕೇಳಿದಳು, "ನಿಮಗ ಯಾವುದು ಸೇರತೈತ್ರಿ?"

ಹುಡುಗಿ ಪ್ರಶ್ನೆ ಕೇಳುವುದೇ! ನನ್ನನ್ನು ನೋಡಲು ಬಂದವರು ಸೂಜಿಗೆ ದಾರ ಪೋಣಿಸಲು ಹೇಳಿದ್ದರು. ಪೋಣಿಸಿದೆ. ತಲೆ ಎತ್ತಲಿಲ್ಲ.

ಹುಡುಗ ಬಾಯಿ ತೆರೆದ. ಮಾತು ಬಂದದ್ದು ತಾಯಿಯದು.

"ಅವಗ ಖಾರ ಆಗಂಗಿಲ್ಲವ್ವಾ. ಸಾಸ್ ಅಷ್ಟ ಕೊಡು."

ಅವನ ಕೈ ಅಷ್ಟರಲ್ಲಿ ಕೆಂಪು ಖಾರದ ಬಟ್ಟಲ ಹತ್ತಿರ ಹೋಗಿತ್ತು. ಮೆಲ್ಲಗೆ ಸಾಸ್ ಕಡೆ ತಿರುಗಿತು. ತಟ್ಟೆ ಖಾಲಿಯಾಗುವವರೆಗೂ ಅಲ್ಲೇ ಉಳಿಯಿತು.

ಅವರು ಹೋದ ಹತ್ತೇ ನಿಮಿಷಕ್ಕೆ ಅಕ್ಷತಾ ಅಂದಳು, "ನನಗ ಈ ಹುಡುಗ ಬ್ಯಾಡ."

ನನ್ನ ಮಗ, ಅವಳ ಅಪ್ಪ ಬಸವರಾಜ, ಕೆಂಡವಾದ. "ಸಾಸ್ ಹಚ್ಚಕೊಂಡ ಅಂತ ಸಂಬಂಧ ಬಿಡ್ತಿಯೇನ? ಮಂದಿ ಕೇಳಿದ್ರ ಏನ ಹೇಳ್ಲಿ?"

"ಸಾಸಿನ ಮಾತಲ್ಲಪ್ಪಾ. ನಾ ಕೇಳಿದ್ದು ಅವನ್ನ, ಹೇಳಿದ್ದು ಅವರವ್ವ. ನಾಳೆ ನನ್ನ ನೌಕರಿ ಬಿಡಸು ಅಂದ್ರೂ ಅಂವ ಹಿಂಗ ಸುಮ್ನ ಕೂಡ್ತಾನ."

ಮಗ ನನ್ನ ಕಡೆ ತಿರುಗಿದ. "ಅವ್ವಾ, ನೀ ಹಿರ್ಯಾಕಿ. ನೀ ಅಂದಂಗ ಆಗ್ಲಿ. ಸಂಜಿಗೆ ಅವರಿಗೆ ತಿಳಸಬೇಕು."

ಇಂಥ ವಿಷಯದಲ್ಲಿ ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ಒಳ್ಳೆಯ ಮನೆತನ, ನೌಕರಿ, ಹೊಲ. ಹೂಂ ಅಂದುಬಿಡೋಣ ಎಂದುಕೊಂಡೆ.

"ತಾಯಿ ಕಾಳಜಿ ಅದು. ಅವನ ಹೊಟ್ಟಿಗೆ ಏನ ಆಗತೈತಿ, ಏನ ಆಗಂಗಿಲ್ಲ, ಆಕಿಗೆ ಗೊತ್ತಿರಂಗಿಲ್ಲೇನು?" ಅಂದೆ.

ತಟ್ಟೆ ತೆಗೆಯುತ್ತಿದ್ದ ಸೊಸೆ ಶಕುಂತಲಾ ನಿಂತಳು. ಮುದ್ದೇಬಿಹಾಳದವಳು. ಇಪ್ಪತ್ತೇಳು ವರ್ಷದಲ್ಲಿ ನನಗೆ ಒಮ್ಮೆಯೂ ಎದುರಾಡಿದವಳಲ್ಲ.

"ಅತ್ತಿ, ನನ್ನ ನೋಡಾಕ ಬಂದಾಗ ನೀವೂ ಹಿಂಗ ಅಂದಿದ್ರಿ. 'ನಮ್ಮ ಬಸೂಗ ಬಳ್ಳೊಳ್ಳಿ ಆಗಂಗಿಲ್ಲ.' ನೆನಪೈತೇನ್ರಿ?"

ನೆನಪಿತ್ತು. ಆರು ವರ್ಷದವನಿದ್ದಾಗ ಅವನಿಗೆ ಬಾಯಿ ಹುಣ್ಣಾಗಿತ್ತು. ಅಂದಿನಿಂದ ಅವನ ತುತ್ತಿಗೆ ಬಳ್ಳೊಳ್ಳಿ ತಾಗಗೊಟ್ಟಿಲ್ಲ. ಅವನ ಖಾರ ಬೇರೆಯೇ ಕುಟ್ಟುತ್ತೇನೆ. ಇವತ್ತಿಗೂ!

"ನಮ್ಮ ತವರಿಗೆ ಬಂದ್ರ ನಿಮ್ಮ ಮಗ ಮದಲ ಕೇಳೂದು ಬಳ್ಳೊಳ್ಳಿ ಖಾರ. ನಮ್ಮವ್ವ ಬುತ್ತಿಗೂ ಕಟ್ಟಿ ಕೊಡ್ತಾಳ. ಮನಿಗೆ ತಂದ್ರ ನಿಮಗ ಗೊತ್ತಾಗತೈತಿ ಅಂತ ಬರೂ ದಾರ್ಯಾಗ ತಾಳಿಕೋಟಿ ಬಸ್‌ಸ್ಟ್ಯಾಂಡಿನಾಗ ಕೂತ ಮುಗಸ್ತಾರ."

ಭೂಮಿ ಬಾಯಿ ತೆರೆಯಬಾರದೇ ಅನಿಸಿತು.

"ಹೌದೇನೋ ಬಸೂ?"

ಐವತ್ತೆರಡು ವರ್ಷದ ನನ್ನ ಮಗ. ಮೀಸೆ ನೆರೆತಿದೆ. ರೈತರ ಸಭೆಯಲ್ಲಿ ಮೈಕ್ ಬೇಕಾಗುವುದಿಲ್ಲ, ಅಷ್ಟು ದನಿ. ನೆಲ ನೋಡುತ್ತ ನಿಂತ.

"ನೀ ಬೇಜಾರ ಆಗ್ತಿ ಅಂತ..." ಅಂದ.

ಅಕ್ಷತಾ ಕಿಸಕ್ಕೆಂದಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಅವನ ನಾಲಿಗೆಯ ಬಾಗಿಲಲ್ಲಿ ಕಾವಲು ಕೂತಿದ್ದೆನಲ್ಲ, ಅದನ್ನು ಕಾಳಜಿ ಅಂದುಕೊಂಡಿದ್ದೆನಲ್ಲ? ಒಮ್ಮೆಯಾದರೂ ಅವನನ್ನೇ ಕೇಳಿದ್ದೆನೇ?

"ಇಂಡಿಯವರಿಗೆ ಫೋನ್ ಹಚ್ಚು. ಸಂಬಂಧ ಬ್ಯಾಡ ಅನ್ನು," ಅಂದೆ. ಹೀಗೆ ಹೇಳುವ ರೂಢಿ ನನಗಿಲ್ಲ. ಆದರೆ ಅಂದೆ.

ಬಸವರಾಜ ಫೋನ್ ಕೈಗೆತ್ತಿಕೊಂಡ. ನಂಬರ್ ಒತ್ತಲಿಲ್ಲ. ಹೆಂಡತಿಯ ಕಡೆ ನೋಡಿದ.

"ಹಚ್ಚಲೇನು?"

ಇಂಡಿಯ ಹುಡುಗನನ್ನೇನೋ ಬಿಟ್ಟೆವು, ಮೊಮ್ಮಕ್ಕಳೇ. ನಮ್ಮ ಮನೆಯ ಈ ಹುಡುಗನನ್ನು ಏನು ಮಾಡೋಣ?