ಹಗ್ಗ ನೋಡುವ ಮರಿಯಪ್ಪ

ಶಾಲೆಯಿಂದ ಬಂದ ಸಿಂಧೂರ ಚೀಲ ಇಳಿಸುವ ಮೊದಲೇ ನಡುಮನೆಯಲ್ಲಿ ನಿಂತು ಒಂದು ಹಾಳೆಯನ್ನು ಓದಿ ಹೇಳಿದಳು. ಆರನೇ ತರಗತಿಯ ಮಕ್ಕಳೆಲ್ಲ ಶನಿವಾರ ವೇದಿಕೆ ಹತ್ತಿ ಮಾತಾಡಬೇಕು. ಕಾಮಿಕ್ ಪುಸ್ತಕದ ಯಾವ ಪಾತ್ರದ ಬದುಕನ್ನು ನೀವು ಬದುಕುತ್ತೀರಿ ಅನ್ನುವುದು ವಿಷಯ.

"ಪೂರಾ ಲೈಫ್ ಅಂತೆ ತಾತಯ್ಯಾ. ಹುಟ್ಟಿದಾಗಿಂದ ಲಾಸ್ಟ್‌ವರೆಗೂ. ಹಾರೋದು ಮಾತ್ರ ಬೇಕು, ಬೇರೆದು ಬೇಡ ಅನ್ನೋ ಹಾಗಿಲ್ಲ. ಮಾಧವೀಲತಾ ಮೇಡಂ ಹೇಳಿದ್ರು."

ಉಮಾಶಂಕರ ಆಗಷ್ಟೇ ಆಟೋನಗರದಿಂದ ಬಂದು ಕೈಕಾಲು ತೊಳೆದು ಕೂತಿದ್ದರು. ಅಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ, ತಯಾರಾದ ಬಸ್ಸು ಹೊರಗೆ ಹೋಗುವ ಮುನ್ನ ಅದರ ತುರ್ತು ಬಾಗಿಲು, ಸೀಟಿನ ಬೋಲ್ಟು, ಬೆಂಕಿ ಆರಿಸುವ ಸಿಲಿಂಡರು ಎಲ್ಲವನ್ನೂ ಪರೀಕ್ಷಿಸಿ ಸಹಿ ಹಾಕುವುದು ಅವರ ಕೆಲಸ. ಅರವತ್ತು ದಾಟಿದೆ. ಈ ಕೆಲಸಕ್ಕೂ ಮೊದಲು ಇಪ್ಪತ್ತನಾಲ್ಕು ವರ್ಷ ನೌಕಾಪಡೆಯಲ್ಲಿ ನಾವಿಕರಾಗಿದ್ದರು, ಹೆಚ್ಚಿನ ಕಾಲ ವಿಶಾಖಪಟ್ಟಣದಲ್ಲಿ. ಮಗಳು, ಸಿಂಧೂರಳ ತಾಯಿ ಕೃಪಾಳಿಗೆ ವಿಜಯವಾಡದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಅಲ್ಲಿನ ಪಟಮಟ ಬಡಾವಣೆಯಲ್ಲಿ ಮನೆ ಮಾಡಿದಾಗ ಅವರೂ ಹೆಂಡತಿಯೂ ಅವಳ ಜೊತೆಗೇ ಬಂದು ನೆಲೆಸಿದ್ದರು.

ಮೊಮ್ಮಗಳ ಮಾತು ಕೇಳಿದವರೇ ಉಮಾಶಂಕರ ಕಾಫಿ ಲೋಟ ಕೆಳಗಿಟ್ಟು ಎದ್ದರು. ಮಂಚದ ಕೆಳಗಿನ ಕಪ್ಪು ಟ್ರಂಕನ್ನು ಎಳೆದರು.

"ಶುರುವಾಯ್ತಲ್ಲಪ್ಪ," ಅಂದರು ಅವರ ಹೆಂಡತಿ ದೇವಮ್ಮ. "ಸಿಂಧು, ಇನ್ನು ಶನಿವಾರದ ತನಕ ನಿಮ್ಮ ತಾತ ಈ ಲೋಕದಲ್ಲಿರಲ್ಲ ಕಣೇ."

ಟ್ರಂಕಿನೊಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಹದಿನೆಂಟು ಪುಸ್ತಕಗಳಿದ್ದವು. ಎಲ್ಲದರ ಮೇಲೂ ಒಬ್ಬನೇ ನಾಯಕ. ಬರಿಮೈ, ತಲೆಗೆ ಕೆಂಪು ವಸ್ತ್ರ, ಹೆಗಲ ಮೇಲೊಂದು ಗಿಡುಗ. ಅವನ ಹೆಸರೇ ಕಡಲಗಿಡುಗ.

ಅರಸೀಕೆರೆ ಜಂಕ್ಷನ್ನಿನಲ್ಲಿ ಉಮಾಶಂಕರನ ಅಪ್ಪ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಶಾಲೆ ಬಿಟ್ಟ ಕೂಡಲೇ ಹುಡುಗ ಪ್ಲಾಟ್‌ಫಾರ್ಮಿನ ಪುಸ್ತಕದಂಗಡಿಗೆ ಓಡುತ್ತಿದ್ದ. ಅಂಗಡಿಯ ದಕ್ಷಿಣಾಮೂರ್ತಿ ಗದರುವ ಮನುಷ್ಯನಲ್ಲ. "ಕೈ ತೊಳ್ಕೊಂಡು ಬಾ, ಮೂಲೆ ಮಡಿಸ್ಬೇಡ," ಅಷ್ಟೇ ಅವರ ಷರತ್ತು. ಸಮುದ್ರವನ್ನು ಕಣ್ಣಾರೆ ಕಾಣದ ಹುಡುಗ, ರೈಲು ಹೊರಟು ಪ್ಲಾಟ್‌ಫಾರ್ಮು ಬರಿದಾದ ಮೇಲೆ ಸಿಮೆಂಟು ಬೆಂಚಿನ ಮೇಲೆ ಕೂತು ಅಲೆ, ಹಾಯಿ, ಸುಳಿ, ಹವಳದ ಗುಹೆ ಎಲ್ಲವನ್ನೂ ಆ ಬಣ್ಣದ ಪುಟಗಳಲ್ಲಿ ಕಂಡ. ತಿಂಗಳಿಗೊಂದರಂತೆ ಒಂದೂವರೆ ವರ್ಷ ಬಂದು ಪತ್ರಿಕೆ ನಿಂತುಹೋಯಿತು. ಹದಿನೆಂಟಕ್ಕೆ ನೌಕಾಪಡೆಗೆ ಆಯ್ಕೆಯಾದಾಗ ದಕ್ಷಿಣಾಮೂರ್ತಿ ಅಟ್ಟದಿಂದ ಪೂರ್ತಿ ಕಟ್ಟನ್ನು ಇಳಿಸಿ ಕೈಗಿಟ್ಟರು. "ನೀನು ಓದಿ ಓದಿ ಇವು ಹಳೇದಾಗಿವೆ. ಇನ್ಯಾರಿಗೆ ಮಾರ್ಲಿ? ತಗೊಂಡ್ಹೋಗು."

ಮುಳುಗುಗಾರನಾಗಬೇಕು ಅನ್ನುವುದೊಂದೇ ಆಸೆ. ತರಬೇತಿಗೆ ಸೇರಿಯೂ ಆಯಿತು. ಏಳನೇ ವಾರ ನೀರಿನಡಿಯಲ್ಲಿದ್ದಾಗ ಎಡಗಿವಿಯಲ್ಲಿ ಸೂಜಿ ಮುರಿದಂತಾಯಿತು. ಕಿವಿಯ ತಮಟೆ ಹರಿದಿತ್ತು. ಕಿವಿ ವಾಸಿಯಾಯಿತು, ಆದರೆ ಇನ್ನು ಮುಳುಗುವಂತಿಲ್ಲ ಎಂದು ವೈದ್ಯರು ಬರೆದರು. ಅವರನ್ನು ವಿಶಾಖಪಟ್ಟಣದಲ್ಲಿ ಲೈಫ್ ರಾಫ್ಟ್‌ಗಳ ಕೋಣೆಗೆ ಹಾಕಿದರು. ಹಡಗು ಮುಳುಗಿದರೆ ಜನ ಹತ್ತಿ ಕೂರುವ ರಬ್ಬರ್ ದೋಣಿಗಳು ಅವು. ಒಂದು ಹಗ್ಗ ಎಳೆದರೆ ತಾವೇ ಗಾಳಿ ತುಂಬಿಕೊಂಡು ಬಿಚ್ಚಿಕೊಳ್ಳುತ್ತವೆ. ಅವನ್ನು ವರ್ಷಕ್ಕೊಮ್ಮೆ ಬಿಚ್ಚಿ, ಗಾಳಿ ತುಂಬಿ, ಎಲ್ಲಾದರೂ ಸೋರುತ್ತದೋ ನೋಡಿ, ಪೌಡರು ಹಾಕಿ ಒರೆಸಿ, ಕುಡಿಯುವ ನೀರಿನ ಪೊಟ್ಟಣ ಬದಲಿಸಿ, ಪುನಃ ಮಡಿಸಿ ಪೀಪಾಯಿಯೊಳಗೆ ಮುಚ್ಚಬೇಕು. ಕಡಲಗಿಡುಗನಾಗಲು ಹೊರಟವರು ದಡದ ಮೇಲೆ, ಕಿಟಕಿಯಿಂದ ಹಡಗಿನ ಕೂವೆಮರಗಳಷ್ಟೇ ಕಾಣುವ ಕೋಣೆಯಲ್ಲಿ, ಮಂಡಿಯೂರಿ ರಬ್ಬರು ಮಡಿಸುತ್ತ ನಡುವಯಸ್ಸಿಗೆ ಬಂದರು. ಮೊದಲ ಕೆಲವು ವರ್ಷ ಅವರು ಆ ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಆಮೇಲೆ ಕೈಗೆ ಕೆಲಸ ಒಗ್ಗಿತು, ಅದರ ಹಿಂದೆಯೇ ಮನಸ್ಸೂ ಒಗ್ಗಿತು.

ಸಿಂಧೂರಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಹಾಗಾಗಿ ಉಮಾಶಂಕರ ದಿನಕ್ಕೆ ನಾಲ್ಕೈದು ಪುಸ್ತಕದಂತೆ ಓದಿ ಹೇಳಿದರು. ಅವಳು ನೋಟ್‌ಬುಕ್ಕಿನಲ್ಲಿ ತೆಲುಗಿನಲ್ಲಿ ಬರೆದುಕೊಳ್ಳುತ್ತ ಹೋದಳು. ಸುಳಿಯೊಳಗಿನ ಕಾಳಗ ಬಂದಾಗ ತಾತ ಎದ್ದು ನಿಂತು ಕೈ ಬೀಸುತ್ತಿದ್ದರು. ದೇವಮ್ಮ ಅವರೆಕಾಳು ಸುಲಿಯುತ್ತ, ಕೇಳಿಸಿಕೊಳ್ಳದವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಗುರುವಾರ ಸಂಜೆ ಕೊನೆಯ ಪುಸ್ತಕ ಮುಗಿಯಿತು. ಉಮಾಶಂಕರ ಹಣೆಯ ಬೆವರು ಒರೆಸಿಕೊಂಡು, "ಹೆಂಗೆ?" ಅಂದರು.

ಸಿಂಧೂರ ನೋಟ್‌ಬುಕ್ ನೋಡಿದಳು. "ಫಸ್ಟ್ ಬುಕ್‌ನಲ್ಲೇ ಅಮ್ಮ ಅಪ್ಪ ಇಬ್ರೂ ಸತ್ತೋಗ್ತಾರೆ. ನಾಲ್ಕನೇದ್ರಲ್ಲಿ ತಮ್ಮ ಕಳೆದ್ಹೋಗ್ತಾನೆ. ಏಳನೇದ್ರಲ್ಲಿ ಫ್ರೆಂಡೇ ಮೋಸ ಮಾಡ್ತಾನೆ. ಮದುವೆ ಆಗೋ ಅಷ್ಟರಲ್ಲಿ ಆ ಹುಡುಗೀನ ಎತ್ಕೊಂಡು ಹೋಗ್ತಾರೆ. ಒಂದು ಸಲಾನೂ ಕೂತು ಅನ್ನ ತಿನ್ನಲ್ಲ. ಲಾಸ್ಟಲ್ಲಿ ಒಬ್ನೇ ಸಮುದ್ರದೊಳಗೆ ಹೋಗ್ಬಿಡ್ತಾನೆ." ತಲೆಯೆತ್ತಿದಳು. "ಇದು ನಂಗೆ ಬೇಡ ತಾತಯ್ಯಾ. ಪಾಪ ಅವನು."

ಉಮಾಶಂಕರ ಐವತ್ತು ವರ್ಷದಿಂದ ಆ ಪುಸ್ತಕಗಳನ್ನು ಓದುತ್ತ ಬಂದಿದ್ದರು. ಕಡಲಗಿಡುಗನನ್ನು ಪಾಪ ಎಂದು ಯಾರೂ ಅಂದದ್ದನ್ನು ಕೇಳಿರಲಿಲ್ಲ.

"ಹಂಗಾದ್ರೆ ಯಾರಾಗ್ತೀಯ?"

ಅವಳು ಮೂರನೇ ಪುಸ್ತಕ ತೆಗೆದು ಒಂದು ಮೂಲೆಯ ಚಿಕ್ಕ ಚೌಕಕ್ಕೆ ಬೆರಳಿಟ್ಟಳು. ಬೊಕ್ಕತಲೆಯ ಕುಳ್ಳ ಮುದುಕನೊಬ್ಬ ಹಡಗು ನಿಲ್ಲುವ ದಕ್ಕೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ. ಹಡಗು ಹೊರಡುವ ಮುನ್ನ ಪ್ರತಿ ಸಂಚಿಕೆಯಲ್ಲೂ ಅವನೊಮ್ಮೆ ಬರುತ್ತಾನೆ. "ಹಗ್ಗ ಸರಿಯಿದೆ, ಹೋಗಿ ಬಾ ಧಣಿ," ಎನ್ನುತ್ತಾನೆ. ಹೆಸರು ಮರಿಯಪ್ಪ. ಅವನ ಪಾಲಿಗೆ ಅಷ್ಟೇ ಮಾತು.

"ಇವನಾ?" ಉಮಾಶಂಕರರಿಗೆ ನಗು ಬಂತು. "ಇವನೇನೂ ಮಾಡಲ್ವಲ್ಲೇ!"

"ಹಗ್ಗ ನೋಡ್ತಾನೆ ಕದಾ! ಒಂಬತ್ತನೇ ಬುಕ್‌ನಲ್ಲಿ ಹಿಂದುಗಡೆ ಮನೆ ಇದೆ ನೋಡಿ, ಹೆಂಡ್ತಿ ಮೀನು ಹುರೀತಿದಾಳೆ. ಮಕ್ಕಳು ಐದು ಜನ, ಎಣಿಸಿದೀನಿ. ಫಸ್ಟ್ ಬುಕ್‌ನಲ್ಲೂ ಇದಾನೆ, ಲಾಸ್ಟ್‌ನಲ್ಲೂ ಇದಾನೆ. ಏನೂ ಆಗಿಲ್ಲ ಅವನಿಗೆ." ಆಮೇಲೆ ತೀರಾ ಸಹಜವಾಗಿ ಸೇರಿಸಿದಳು, "ನಿಮ್ಮ ಥರಾನೇ ಇದಾನೆ."

ನಗು ಅಲ್ಲೇ ನಿಂತಿತು. ಅವರು ಪುಸ್ತಕಗಳನ್ನು ಜೋಡಿಸಿ ಪಂಚೆಯಲ್ಲಿ ಸುತ್ತಿದರು. ಮಗು ತಪ್ಪೇನೂ ಆಡಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಆದರೂ ಅರಸೀಕೆರೆಯ ಬೆಂಚಿನ ಮೇಲಿನ ಹುಡುಗನಿಗೆ ಯಾರೋ, ನೀನು ಮೂಲೆಯ ಚೌಕದವನು, ಅಂದಂತಾಗಿತ್ತು.

ಗಂಡನ ಮುಖ ನೋಡಿ ದೇವಮ್ಮನಿಗೆ ತಿಳಿಯಿತು. ಮಾರನೆಯ ಸಂಜೆ ಮೊಮ್ಮಗಳ ತಲೆ ಬಾಚುತ್ತ, ಅವರಿಗೂ ಕೇಳುವಂತೆ ಕೊಂಚ ಗಟ್ಟಿಯಾಗಿಯೇ ಮಾತು ತೆಗೆದರು.

"ಸಿಂಧು, ಅಪ್ಪಲಸ್ವಾಮಿ ಕಥೆ ಹೇಳಿದೀನೇನೇ ನಿಂಗೆ?"

"ಅದ್ಯಾಕೀಗ?" ಅಂದರು ಉಮಾಶಂಕರ ಒಳಗಿನಿಂದ.

"ನೀವು ಸುಮ್ನಿರಿ. ನಾನು ಹೇಳ್ತಿರೋದು ಮಗೀಗೆ."

ಅದು ನಡೆದದ್ದು ಕೃಪಾ ಇನ್ನೂ ಫ್ರಾಕು ತೊಡುತ್ತಿದ್ದ ಕಾಲದಲ್ಲಿ. ಚಂಡಮಾರುತಕ್ಕೆ ಸಿಕ್ಕಿ ಒಂದು ಮೀನಿನ ದೋಣಿ ಮಗುಚಿತ್ತು. ಹುಡುಕಲು ಹೋದ ನೌಕಾಪಡೆಯ ಹಡಗು ಅಲೆಗಳ ನಡುವೆ ಹತ್ತಿರ ಹೋಗಲಾಗದೆ ಒಂದು ರಾಫ್ಟನ್ನು ಎಸೆದಿತ್ತು. ಅದು ಬಿಚ್ಚಿಕೊಂಡಿತು. ಆರು ಜನ ಅದರೊಳಗೆ ಕೂತು ಅಲೆ ತಗ್ಗುವ ತನಕ ಹದಿನಾಲ್ಕು ಗಂಟೆ ತೇಲಿದರು, ಆರೂ ಜನ ಬದುಕಿ ಬಂದರು. ಉಮಾಶಂಕರರಿಗೆ ಈ ಸುದ್ದಿ ಗೊತ್ತಾದದ್ದು ಆ ರಾಫ್ಟು ತೊಳೆದು ಮಡಿಸಲು ಅವರ ಕೋಣೆಗೇ ವಾಪಸು ಬಂದಾಗ. ಅದರ ಚೀಟಿಯ ಮೇಲೆ ಅವರದೇ ಸಹಿಯಿತ್ತು. ತಳದ ಮಡಿಕೆಯಲ್ಲಿ ಮೀನಿನ ಹುರುಪೆಗಳ ಜೊತೆ, ಕಪ್ಪು ದಾರಕ್ಕೆ ಪೋಣಿಸಿದ ಒಂದು ಬೆಳ್ಳಿಯ ಬಿಲ್ಲೆ ಸಿಕ್ಕಿತು. ಅದರ ಮೇಲೆ ಸಿಂಹಾಚಲದ ಸ್ವಾಮಿ.

ಅದನ್ನು ಮೇಲಿನವರಿಗೆ ತೋರಿಸಿ, ಒಪ್ಪಿಗೆ ಪಡೆದು, ಭಾನುವಾರ ಹೆಂಡತಿಯನ್ನು ಕರೆದುಕೊಂಡು ಮೀನುಗಾರರ ಬಂದರಿಗೆ ಹೋದರು. ಅಲ್ಲಿ ಇಲ್ಲಿ ಕೇಳಿ, ಆ ಆರು ಜನರಲ್ಲೊಬ್ಬನಾದ, ಬಿಲ್ಲೆಯ ಒಡೆಯ ಅಪ್ಪಲಸ್ವಾಮಿಯ ಮನೆ ಸಿಕ್ಕಿತು. ಬಿಲ್ಲೆ ಕಂಡ ಕೂಡಲೇ ಅವನ ಹೆಂಡತಿ ನೂಕಾಲಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

"ಮೀರೆವರಂಡಿ?" ನೀವು ಯಾರೆಂದು ಕೇಳಿದ ಅಪ್ಪಲಸ್ವಾಮಿ.

ಉಮಾಶಂಕರ ಹಡಗಿನಲ್ಲಿ ಬಂದವರಲ್ಲ, ರಾಫ್ಟು ಎಸೆದವರೂ ಅಲ್ಲ. ಕೊನೆಗೆ ಅರೆಬರೆ ತೆಲುಗಿನಲ್ಲಿ ಅಂದರು, "ಆ ರಬ್ಬರ್ ಪಡವ... ನೇನೇ ಮಡತಪೆಟ್ಟಾನು."

"ಅದನ್ನ ಮಡಿಸಿದ್ದು ನಾನೇ, ಅಂತ!" ದೇವಮ್ಮ ಬಾಚಣಿಗೆ ಹಿಡಿದ ಕೈಯಲ್ಲೇ ನಗತೊಡಗಿದರು. "ಬಟ್ಟೆ ಮಡಿಸಿದೆ ಅನ್ನೋ ಹಂಗೆ ಹೇಳಿದ್ರು ಕಣೇ. ಅವನು ಬಂದು ಇವರ ಎರಡೂ ಕೈ ಹಿಡ್ಕೊಂಡ. ಹಿಡ್ಕೊಂಡು ಬೆರಳುಗಳನ್ನ ಒಂದೊಂದಾಗಿ ನೋಡ್ದ. ಆಮೇಲೆ ಊಟ ಮಾಡ್ಲೇಬೇಕು ಅಂತ ಹಠ. ನಮಗೆ ಮೀನು ಆಗಲ್ಲ ಅಂದ್ರೆ, ನೂಕಾಲಮ್ಮ ಪಕ್ಕದ ಮನೆಗೆ ಓಡಿ ಹೊಸ ಪಾತ್ರೆ ತಂದು, ತೊವ್ವೆ ಅನ್ನ ಮಾಡಿ ಬಡಿಸಿದ್ಲು. ಈಗ್ಲೂ ಸಂಕ್ರಾಂತಿಗೆ ಫೋನ್ ಮಾಡ್ತಾಳಲ್ಲ, ಅವಳೇ."

ಸಿಂಧೂರ ಜಡೆ ಬಿಡಿಸಿಕೊಂಡು ಒಳಗೆ ಓಡಿದಳು. ಉಮಾಶಂಕರ ಮಂಚದ ತುದಿಯಲ್ಲಿ ಕೂತಿದ್ದರು.

"ತಾತಯ್ಯಾ, ಇದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇನಿದೆ ಪುಟ್ಟಿ? ಅದು ಡ್ಯೂಟಿ."

ಹಾಗೆಂದರೂ ಆ ಹೊತ್ತು ಅವರಿಗೆ ಅಪ್ಪಲಸ್ವಾಮಿಯ ಒರಟು ಅಂಗೈ ತಮ್ಮ ಬೆರಳಿಗೆ ತಾಕಿದ್ದು ನೆನಪಾಗಿ ಎದೆ ಹಗುರಾಗಿತ್ತು. ಹಿಂದಿನ ದಿನದ ಮುನಿಸು ಎಲ್ಲಿ ಹೋಯಿತೋ. ಅದು ಮುನಿಸೇ ಆಗಿರಲಿಲ್ಲವೇನೋ.

ಶನಿವಾರ ಮೂವರೂ ಶಾಲೆಗೆ ಹೋದರು. ಕೃಪಾಳಿಗೆ ಬ್ಯಾಂಕಿತ್ತು. ವೇದಿಕೆಯ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಬೆನ್ನಿಗೆ ಅಮ್ಮನ ದುಪಟ್ಟಾ ಕಟ್ಟಿಕೊಂಡವರು, ಮುಖಕ್ಕೆ ಬಣ್ಣ ಬಳಿದುಕೊಂಡವರು. ಎಲ್ಲರಿಗೂ ಹಾರುವ, ಹೊಡೆಯುವ, ಮಾಯವಾಗುವ ಬದುಕೇ ಬೇಕಿತ್ತು. ಸಿಂಧೂರ ಮಾತ್ರ ಶಾಲೆಯ ಸಮವಸ್ತ್ರದಲ್ಲೇ, ಹೆಗಲಿಗೊಂದು ಹಗ್ಗದ ಸುರುಳಿ ಹಾಕಿಕೊಂಡು ಬಂದು ತೆಲುಗಿನಲ್ಲಿ ಹೇಳಿದಳು, "ನನಗೆ ಹಗ್ಗ ನೋಡುವ ಮರಿಯಪ್ಪನ ಬದುಕು ಬೇಕು."

ಸಭೆಯಲ್ಲಿ ನಗೆಯೆದ್ದಿತು. ಉಮಾಶಂಕರ ಕುರ್ಚಿಯ ಕೈ ಹಿಡಿದರು. ಮುಂದಿನ ಸಾಲಿನ ತೇಜ ಎಂಬ ಹುಡುಗಿ ಎದ್ದು ನಿಂತು, "ಅವನು ಏನು ಗೆದ್ದಿದ್ದಾನೆ?" ಎಂದು ಕೇಳಿದಳು.

ಸಿಂಧೂರ ನೋಟ್‌ಬುಕ್ ತೆರೆದಳು. "ಹದಿನೆಂಟು ಪುಸ್ತಕದಲ್ಲಿ ನಾಯಕನ ಕತ್ತಿ ನಾಲ್ಕು ಸಲ ಮುರಿಯುತ್ತದೆ. ಕೂವೆಮರ ಎರಡು ಸಲ ಬೀಳುತ್ತದೆ. ಹಾಯಿ ಐದು ಸಲ ಹರಿಯುತ್ತದೆ. ಹಗ್ಗ ಒಂದು ಸಲವೂ ಹರಿದಿಲ್ಲ. ನಾನು ಎರಡೆರಡು ಸಲ ನೋಡಿದ್ದೇನೆ."

ಈಗ ಯಾರೂ ನಗಲಿಲ್ಲ. ಅವಳು ಮುಂದುವರಿಸಿದಳು. ಮರಿಯಪ್ಪ ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದಿರಬಹುದು, ಐದು ಮಕ್ಕಳಲ್ಲಿ ಯಾರು ತುಂಟರು, ಮಳೆಗಾಲದಲ್ಲಿ ಹಡಗು ಹೊರಡದ ದಿನ ಅವನು ಏನು ಮಾಡುತ್ತಾನೆ ಎಂದೆಲ್ಲ ತಾನೇ ಕಟ್ಟಿಕೊಂಡು ಹೇಳಿದಳು. ಯಾವ ಪುಸ್ತಕದಲ್ಲೂ ಇಲ್ಲದ ಆ ಸಂಗತಿಗಳನ್ನು ಕೇಳುತ್ತ ಉಮಾಶಂಕರರಿಗೆ ತಮ್ಮ ಹಳೆಯ ಕ್ವಾರ್ಟರ್ಸಿನ ಮುಂಜಾವುಗಳು ಕಣ್ಣಿಗೆ ಕಟ್ಟಿದವು. ಪಕ್ಕದಲ್ಲಿ ದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಮೊದಲ ಬಹುಮಾನ ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗನೊಬ್ಬನಿಗೆ ಹೋಯಿತು. ಸಿಂಧೂರಳಿಗೆ ಯಾವುದೂ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಾಧವೀಲತಾ ಮೇಡಂ ಮಾತ್ರ ಹತ್ತಿರ ಬಂದು, "ನಾನು ನಿನ್ನಷ್ಟು ಎಚ್ಚರಿಕೆಯಿಂದ ಯಾವ ಪುಸ್ತಕವನ್ನೂ ಓದಿಲ್ಲಮ್ಮ," ಎಂದು ಅವಳ ಬೆನ್ನು ತಟ್ಟಿದರು.

ಸಿಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸಿಂಧೂರ ಕೇಳಿದಳು, "ತಾತಯ್ಯಾ, ನೀವಾಗಿದ್ರೆ ಯಾರನ್ನ ಹೇಳ್ತಿದ್ರಿ? ನಿಜ ಹೇಳಿ."

ಉಮಾಶಂಕರ ಯೋಚಿಸಿದರು. ಮೊಮ್ಮಗಳನ್ನು ಮೆಚ್ಚಿಸಲು ಮರಿಯಪ್ಪ ಅನ್ನಬಹುದಿತ್ತು. "ನಿಜ ಹೇಳ್ಲಾ? ಬೆಳಿಗ್ಗೆಯಿಂದ ಸಾಯಂಕಾಲದ ತನಕ ಕಡಲಗಿಡುಗ. ದೀಪ ಹಚ್ಚೋ ಹೊತ್ತಿಗೆ ನಿಮ್ಮಜ್ಜಿ ಹತ್ರ ವಾಪಸ್."

"ಅಲಾ ಕುದರದು, ಹಂಗೆಲ್ಲ ಆಗಲ್ಲ! ಪೂರಾ ಲೈಫ್ ಅಂತ ರೂಲ್ ಇದೆ!"

"ಬಸ್ಸಲ್ಲೆಲ್ಲ ಕಿರುಚ್ಬೇಡ್ವೇ," ಅಂದರು ದೇವಮ್ಮ. ಆದರೆ ಅವರ ಕೆನ್ನೆ ಕೆಂಪಾಗಿತ್ತು.

ರಜೆ ಬಂದ ಕೂಡಲೇ ಸಿಂಧೂರ, ಅಪ್ಪಲಸ್ವಾಮಿಯನ್ನು ನೋಡಲೇಬೇಕು ಎಂದು ಹಠ ಹಿಡಿದಳು. ಮೂವರೂ ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಹೋಗಿ, ಮೊದಲು ಸಿಂಹಾಚಲದ ಬೆಟ್ಟ ಹತ್ತಿ ದರ್ಶನ ಮುಗಿಸಿ, ಮರುದಿನ ಬೆಳಿಗ್ಗೆ ಬಂದರಿಗೆ ಹೋದರು. ಅಪ್ಪಲಸ್ವಾಮಿಯ ಕೂದಲು ಪೂರ್ತಿ ಬಿಳಿಯಾಗಿತ್ತು. ಅವನ ಮಗನದು ಈಗ ಎಂಜಿನ್ ಹಾಕಿದ ದೋಣಿ. ನೂಕಾಲಮ್ಮ ಸಿಂಧೂರಳ ಗಲ್ಲ ಹಿಡಿದು ಇಷ್ಟುದ್ದ ಮಾತಾಡಿದಳು. ಅಪ್ಪಲಸ್ವಾಮಿ, "ಬನ್ನಿ ಬಾಬೂ, ಒಂದು ಸುತ್ತು," ಎಂದು ಉಮಾಶಂಕರರ ಕೈ ಹಿಡಿದೆಳೆದ. ದೇವಮ್ಮ ಒಲ್ಲೆನೆಂದು ಮರಳಿನಲ್ಲೇ ನಿಂತರು.

ದೋಣಿ ಬಂದರಿನ ಬಾಯಿ ದಾಟಿತು. ಉಮಾಶಂಕರ ಅಂಗಿಯ ತೋಳು ಮಡಿಸಿ ನೀರಿಗೆ ಕೈ ಇಳಿಬಿಟ್ಟರು. ಬಿಸಿಲು ಎಳೆಯದಾಗಿತ್ತು. ಮೊದಲ ದೊಡ್ಡ ಅಲೆಗೆ ಸಿಂಧೂರ ಕೇಕೆ ಹಾಕಿದಳು, ಮೂರನೆಯದಕ್ಕೆ ಸುಮ್ಮನಾದಳು, ಐದನೆಯದಕ್ಕೆ ತಿಂದ ಇಡ್ಲಿಯನ್ನೆಲ್ಲ ಕಡಲಿಗೆ ಕಕ್ಕಿದಳು. ತಾತ ಅವಳ ಹಣೆ ಹಿಡಿದುಕೊಂಡರು. ಅಪ್ಪಲಸ್ವಾಮಿ ನಗುತ್ತ ಮಗನಿಗೆ ದೋಣಿ ತಿರುಗಿಸಲು ಸನ್ನೆ ಮಾಡಿದ. ಅವಳು ಬಾಯಿ ಒರೆಸಿಕೊಂಡು, ಹುಬ್ಬು ಗಂಟಿಕ್ಕಿ, ದಡದ ಕಡೆ ನೋಡಿದಳು.

"ಅಪ್ಪುಡೇನಾ? ಇಷ್ಟು ಬೇಗ ವಾಪಸ್ಸಾ?" ಅಂದಳು. "ಇನ್ನೊಂದು ಸುತ್ತು ಹೋಗೋಣ."