ತಂಗಿಯ ಊರ ಮೇಲೆ ಹಾದು ಬಂದ ಮಳೆ

ನಮ್ಮ ಮುಳಗುಂದದ ಕಡೆ ಸಮುದ್ರ ನೋಡಿದವರು ಬೆರಳೆಣಿಕೆಯಷ್ಟು ಮಂದಿ. ಆದರೆ ದೀಪಾವಳಿ ಕಳೆಯಿತೆಂದರೆ ಬಂಗಾಳ ಕೊಲ್ಲಿಯ ವಿಷಯದಲ್ಲಿ ನಮ್ಮಷ್ಟು ಬಲ್ಲವರು ಯಾರೂ ಇಲ್ಲ. ಹಿಂಗಾರಿ ಬಿಳಿಜೋಳ ಮೊಣಕಾಲೆತ್ತರ ಬಂದು, ಎರೆನೆಲ ಬಿರುಕು ಬಿಡತೊಡಗಿದಾಗ ಅದಕ್ಕೆ ಇನ್ನೊಂದು ಮಳೆ ಬೇಕು. ಆ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಉಳಿಯುವುದು ಒಂದೇ ದಾರಿ. ದೂರದ ಆ ಸಮುದ್ರದಲ್ಲಿ ಚಂಡಮಾರುತ ಏಳಬೇಕು, ಅದರ ಸೆರಗು ನಮ್ಮ ಹೊಲಗಳ ಮೇಲೆ ಹಾಯಬೇಕು. ಹೀಗಾಗಿ ವಾಯುಭಾರ ಕುಸಿತವೆಂಬ ಸುದ್ದಿ ಬಂದರೆ ಬೇರೆಯವರು ಹೆದರುತ್ತಾರೆ, ನಾವು ಚಹಾದಂಗಡಿಯಲ್ಲಿ ಇನ್ನೊಂದು ಕಪ್ಪು ಹೇಳುತ್ತೇವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನನ್ನ ಒಬ್ಬಳೇ ತಂಗಿ ಇರುವುದು ಆ ಸಮುದ್ರದ ದಂಡೆಯಲ್ಲಿ. ಗಂಡ ನಮ್ಮ ಕಡೆಯವನೇ, ಆಂಧ್ರದ ಕರಾವಳಿಯ ಒಂದೂರಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಅವಳ ಮದುವೆಗೆ ಮುಂಚೆ ನಮ್ಮ ಹೊಲ ಬಿತ್ತುತ್ತಿದ್ದವರು ನಾವಿಬ್ಬರೇ. ಕೂರಿಗೆ ಹೊಡೆಯುವವನು ನಾನು, ಹಿಂದೆ ಅದರ ಬಟ್ಟಲಿಗೆ ಕಾಳು ಬಿಡುತ್ತ ನಡೆಯುವವಳು ಅವಳು. ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

‘ಬಾಯಿ ಮುಚ್ಚಲೇ, ಎತ್ತು ಬೆದರ್ತಾವು’ ಎಂದು ಬೈದರೆ, ‘ನಿನ್ನ ಮಾರಿ ನೋಡಿ ಬೆದರ್ಯಾವು’ ಎನ್ನುತ್ತಿದ್ದಳು.

ಈಗ ಬಿತ್ತುವುದು ಟ್ರ್ಯಾಕ್ಟರು. ಸಾಲುಗಳು ನೆಟ್ಟಗೆ ಬರುತ್ತವೆ, ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೂ ಪ್ರತಿ ಬಿತ್ತಿಗೆಯಲ್ಲಿ ನಾನು ಬದುವಿನ ಮೇಲೆ ನಿಂತು ಅವಳನ್ನು ನೆನೆಯುತ್ತೇನೆ. ಅಷ್ಟು ವಟಗುಟ್ಟುವವಳು ಮನೆಯಿಂದ ಹೋದರೆ ಇಷ್ಟು ಮೌನ ಉಳಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಹೋದ ವರ್ಷ ಜೋಳ ಬಾಡುತ್ತಿತ್ತು. ಹೊಲದಲ್ಲಿ ಸುರುಳಿಗಟ್ಟಿದ ಎಲೆ ನೋಡುತ್ತ ನಿಂತಿದ್ದಾಗ ಅವಳ ಫೋನು ಬಂತು.

‘ಅಣ್ಣಾ, ಸಮುದ್ರದಾಗ ಚಂಡಮಾರುತ ಎದ್ದೈತಂತ. ಇಲ್ಲೆ ನೋಡಿದ್ರ ಗಾಳೀನ ಇಲ್ಲ, ತೆಂಗಿನ ಗರಿ ಸುದ್ದಾ ಅಳ್ಳಾಡವಲ್ದು. ದೋಣಿ ಎಲ್ಲಾ ದಂಡಿಗೆ ಎಳದು ಕಟ್ಟ್ಯಾರ. ನಮ್ಮ ಮನಿ ಮ್ಯಾಲೆ ಬರೇ ತಗಡು...’

‘ಏಳಲಿ ಬಿಡವಾ. ನಮ್ಮ ಜ್ವಾಳಕ್ಕ ಒಂದು ಮಳಿ ಬೇಕಾಗೇತಿ. ಈ ಸಲ ಛಲೋ ದೊಡ್ಡದ ಬರ್ಲಿ’ ಎಂದೆ.

‘ಹೂಂ ಅಣ್ಣಾ’ ಎಂದಷ್ಟೇ ಹೇಳಿ ಫೋನು ಇಟ್ಟಳು.

ಪಕ್ಕದಲ್ಲಿ ಕಳೆ ತೆಗೆಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ, ‘ಆಕಿ ಮನಿ ಮ್ಯಾಲೆ ಬರ್ಲಿ ಅಂದ್ರೇನ್ರಿ ನೀವು?’ ಎಂದಳು. ತಪ್ಪು ಮಾಡಿದವನಿಗೇ ಸಿಟ್ಟು ಮೊದಲು ಬರುತ್ತದೆ. ಅವಳ ಮೇಲೆ ಹರಿಹಾಯ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿಗೆ ತಿರುಗಿ ಫೋನು ಮಾಡಬೇಕಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡೆ.

ಮರುದಿನ ಚಹಾದಂಗಡಿಯಲ್ಲಿ ಒಂದು ಮೊಬೈಲಿನ ಸುತ್ತ ಎಂಟು ತಲೆಗಳು. ನಕಾಶೆಯ ಮೇಲೆ ಬೆಳ್ಳಗೆ ಗಿರಗಿರ ತಿರುಗುವ ಒಂದು ಸುಳಿ. ‘ಇತ್ತ ತಿರಗ್ತೈತಿ’, ‘ಇಲ್ಲ, ಬಡಗಣಕ್ಕ ಹೊಕ್ಕೈತಿ’ ಎಂದು ಎಲ್ಲರ ವಾದ. ನಾನು ಮಾತ್ರ ಅದರ ದಾರಿಯಲ್ಲಿ ತಂಗಿಯ ಊರನ್ನು ಹುಡುಕುತ್ತಿದ್ದೆ. ಸಂಜೆ ಅದು ದಡಕ್ಕೆ ಅಪ್ಪಳಿಸಿತು. ಅವಳ ಊರಿನ ಹತ್ತಿರವೇ.

ಅವಳ ನಂಬರಿಗೆ ಫೋನು ಹಚ್ಚಿದರೆ ತೆಲುಗಿನಲ್ಲಿ ಯಾವುದೋ ಹೆಣ್ಣುಧ್ವನಿ ಪ್ರತಿ ಸಲ ಅದೇ ಮಾತು ಹೇಳುತ್ತಿತ್ತು. ನನಗೆ ತೆಲುಗು ಬಾರದು. ಎರಡು ದಿನ ಕೇಳಿ ಕೇಳಿ ಆ ಒಂದು ವಾಕ್ಯ ಬಾಯಿಪಾಠವಾಯಿತು.

ನಮಗೆ ಮಳೆ ಬಂದದ್ದು ಆ ಎರಡು ದಿನಗಳಲ್ಲೇ. ಗಾಳಿ ಇಲ್ಲ, ಗುಡುಗಿಲ್ಲ, ನೆಲಕ್ಕೆ ನೋವಾಗದಂತೆ ಸುರಿಯಿತು. ಬಿರುಕುಗಳು ಮುಚ್ಚಿದವು. ಓಣಿಯ ತುಂಬ ಮಿರ್ಚಿ ಭಜಿಯ ವಾಸನೆ. ‘ದೇವರು ಕಣ್ಣು ತೆರದಾ’ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಈ ನೀರು ಅವಳ ತಗಡಿನ ಮೇಲೆ ಹಾದು ಬಂದದ್ದು ಎಂದು ನೆನೆದು, ಕೈಗೆ ಬಂದ ಭಜಿಯನ್ನು ತಿರುಗಿ ತಟ್ಟೆಗಿಟ್ಟೆ. ಆದರೂ ತಲೆಯೆತ್ತಿದ ಜೋಳ ಕಂಡಾಗ ನನ್ನ ಎದೆ ಹಿಗ್ಗಿತು. ಸುಳ್ಳೇಕೆ ಹೇಳಲಿ? ಹಿಗ್ಗಿತು. ಅದಕ್ಕಾಗಿ ನನ್ನನ್ನು ನಾನು ಈಗಲೂ ಕ್ಷಮಿಸಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಹೊಲದಲ್ಲಿ ಕಾಲು ಹೂತುಹೋಗುವ ಕೆಸರಿನಲ್ಲಿ ನಿಂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನು.

‘ಅಣ್ಣಾ, ನಾನು. ಎಲ್ಲಾರೂ ಆರಾಮ ಅದೇವಿ. ಇಲ್ಲೆ ಶಾಲಿಯೊಳಗ ಇಟ್ಟಾರ. ತಗಡು ಅಷ್ಟೂ ಹಾರಿ ಹೋದ್ವು.’

ಒದ್ದೆ ಬದುವಿನ ಮೇಲೆಯೇ ಕುಳಿತೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು: ‘ಅಲ್ಲೆ ಮಳಿ ಆತೇನು? ಜ್ವಾಳಕ್ಕ ಸಾಕಾತಿಲ್ಲೋ?’

ಕಣ್ಣೆದುರಿಗೆ ಕಡುಹಸಿರಾಗಿ ಮಿರುಗುವ ಬೆಳೆ ನಿಂತಿತ್ತು.

‘ಇಲ್ಲವಾ. ಒಂದು ಹನೀನೂ ಬಿದ್ದಿಲ್ಲ’ ಎಂದೆ.

‘ಅಯ್ಯ’ ಎಂದಳು. ಅವಳ ಹಿಂದೆ ಮಕ್ಕಳ ಅಳು, ಪಾತ್ರೆಗಳ ಸದ್ದು. ನನ್ನನ್ನು ರಮಿಸುವ ದನಿಯಲ್ಲಿ ಅವಳು ಹೇಳಿದಳು: ‘ಚಿಂತಿ ಮಾಡಬ್ಯಾಡ ಅಣ್ಣಾ. ಸಮುದ್ರದಾಗ ಮತ್ತೊಂದು ಏಳಾಕತ್ತೈತಂತ. ಅದಾದ್ರೂ ನಿಮ್ಮ ಕಡೆ ಬರ್ಲಿ. ನಮಗೇನು, ಹಾರಾಕ ಈಗ ತಗಡ ಉಳಿದಿಲ್ಲ.’

ಹಾಗೆಂದು ನಕ್ಕಳು.