ಯುದ್ಧದಿಂದ ಬಂದ ಚೆನ್ನೆಮಣೆ ಆಟ

ಮಕ್ಕಳೇ, ಗುರುತಿಲ್ಲದವರ ಮನೆಯಲ್ಲಿ ಕೂತು ನಾನು ಗಟ್ಟಿಯಾಗಿ ನಕ್ಕದ್ದು ಒಂದೇ ಸಲ. ಅದನ್ನು ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜ ತೀರಿಕೊಂಡ ಮೇಲೆ ಮದ್ರಾಸಿನ ನಮ್ಮ ಹೋಟೆಲಿಗೆ ಸುಣ್ಣ ಬಳಿಸಿದೆವು. ಗಲ್ಲಾದ ಮೇಲಿನ ದೇವರ ಪಟ ಇಳಿಸುವಾಗ ಹಿಂದಿನಿಂದ ಒಂದು ಕಾರ್ಡು ಜಾರಿಬಿತ್ತು. ಅದರಲ್ಲಿ ಮಿಲಿಟರಿ ಮೊಹರು. ವಿಳಾಸ ನೀರು ತಾಗಿ ಅಳಿಸಿ, ಮದ್ರಾಸು ಎಂಬುದಷ್ಟೇ ಉಳಿದಿತ್ತು. ಹಿಂದೆಲ್ಲ ಇಂಥ ಕನ್ನಡದ ಕಾಗದ ಬಂದರೆ ಅಂಚೆಯವನು ನಮ್ಮ ಹೋಟೆಲಿಗೇ ಕೊಟ್ಟು ಹೋಗುತ್ತಿದ್ದನಂತೆ, ಊಟಕ್ಕೆ ಬಂದ ಕನ್ನಡದವರು ಯಾರಾದರೂ ಗುರುತು ಹಿಡಿದಾರು ಎಂದು. ಇದರ ಗುರುತನ್ನು ಯಾರೂ ಹಿಡಿದಿರಲಿಲ್ಲ. ಬರೆದವನ ಹೆಸರಿಲ್ಲ. ಮೇಲೆ ಏಳು ಅಂಕಿ, ಕೆಳಗೆ ಏಳು ಅಂಕಿ, ಕೊನೆಗೆ 'ಈಗ ನಿನ್ನ ಸರದಿ'.

ನಿಮ್ಮಪ್ಪ ಗಿರಾಕಿಗಳಿಗೆ ತೋರಿಸಿದ. ಒಬ್ಬರು ಗೂಢಚಾರರ ಸಂದೇಶ ಎಂದರು, ಇನ್ನೊಬ್ಬರು ಜಾತಕ ಎಂದರು. ನಮ್ಮ ಅಡಿಗೆಭಟ್ಟರು ಸಾಂಬಾರ್ ಪುಡಿಯ ಅಳತೆ ಎಂದು ಹಾಗೆಯೇ ಅರೆದೂ ನೋಡಿದರು. ಅಂದು ಸಾಂಬಾರನ್ನು ಎರಡನೇ ಸಲ ಕೇಳಿದವರಿಲ್ಲ.

ಬಾಗಿಲ ಮರೆಯಲ್ಲಿದ್ದ ನನಗೆ ಥಟ್ಟನೆ ಹೊಳೆಯಿತು. ಎರಡು ಸಾಲು, ಏಳೇಳು ಗುಳಿ. ಚೆನ್ನೆಮಣೆ! ಯಾವನೋ ಸಿಪಾಯಿ ಹುಡುಗ ಯುದ್ಧಭೂಮಿಯಿಂದ ಯಾರೊಡನೆಯೋ ಕಾರ್ಡಿನಲ್ಲೇ ಆಡುತ್ತಿದ್ದ. ಆ ಯಾರೋ ಎಷ್ಟು ಕಾದರೋ! ಅವರ ಸರದಿ ಅವರಿಗೆ ತಲುಪಿಸದೆ ನನಗೆ ನಿದ್ದೆ ಹತ್ತದು ಅನ್ನಿಸಿತು. ಆದರೆ ಊರೆಲ್ಲ ವಿಚಾರಿಸಲು ನನಗೆಲ್ಲಿದೆ ಬಾಯಿ? ತವರಿನಿಂದ ತಂದ ಮಣೆಯನ್ನು ಗಲ್ಲಾದ ಮೇಜಿನ ಮೇಲಿಟ್ಟು, ಕಾರ್ಡಿನ ಅಂಕಿಯಂತೆ ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಕಾಳು ತುಂಬಿದೆ.

"ಅಮ್ಮ, ಚಿಲ್ರೆ ಕೊಡೂಕೆ ಜಾಗ ಇಲ್ಲೆ!" ಎಂದ ನಿಮ್ಮಪ್ಪ.

"ನಿಂತ್ಕಂಡ್ ಕೊಡ್," ಎಂದೆ.

ಒಂದು ಭಾನುವಾರ, ನಮ್ಮಲ್ಲಿಗೆ ಮೊದಲ ಸಲ ಬಂದ ಮುದುಕರೊಬ್ಬರು ಬಿಲ್ಲು ಕೊಡಲು ಬಂದವರು ಮಣೆ ನೋಡಿ ಅಲ್ಲೇ ನಿಂತುಬಿಟ್ಟರು. ಹಿಂದಿನವರು "ಸಾರ್, ಸೀಕ್ರಂ!" ಎಂದು ಅವಸರಿಸಿದರೂ ಕದಲಲಿಲ್ಲ.

"ಇದ್ ನನ್ ಆಟ! ಬರ್ಮಾದಿಂದ ಕಳ್ಸಿದ್ದ್!" ಎಂದರು. ಪಟದ ಹಿಂದೆ ಸಿಕ್ಕಿದ್ದನ್ನು ಹೇಳಿ ಕಾರ್ಡು ಕೊಟ್ಟೆವು. ಅಕ್ಷರ ಅವರದೇ. "ಸೋಲ್ತೆ ಅಂದ್ ಹೆದ್ರಿ ಕಳ್ಸಲೇ ಇಲ್ಲೆ ಅಂತ ನನ್ ತಂಗಿ ಈಗ್ಲೂ ಹಂಗಿಸ್ತ್ಳ್. ಅಮ್ಮ, ನೀವೇ ಬಂದ್ ಸಾಕ್ಷಿ ಹೇಳಿ!"

ಮರುದಿನ ಆ ತಂಗಿಯ ಮನೆಗೆಂದು ಅವರೊಡನೆ ತಾಂಬರದ ಎಲೆಕ್ಟ್ರಿಕ್ ಟ್ರೈನ್ ಹತ್ತಿದೆ. ಮಡಿಲಲ್ಲಿ ಮಣೆ, ಟಿಫಿನ್ ಡಬ್ಬಿಯಲ್ಲಿ ಕಾಳು. ಮುದುಕರು ಬೋಗಿಯಲ್ಲಿದ್ದವರಿಗೆಲ್ಲ ತಮಿಳಿನಲ್ಲಿ ತಮ್ಮ ಗೆಲುವಿನ ಕಥೆ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ನಕ್ಕೆ.

ತಂಗಿ ಕನ್ನಡಕ ಹಾಕಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹೌದ್ ಅಣ್ಣಯ್ಯ, ನೀ ಕಳ್ಸಿದ್ದ್ ಖರೆ."

ಮುದುಕರು ಕುಣಿಯುವುದೊಂದು ಬಾಕಿ. ವೈದ್ಯರು ಬೇಡವೆಂದಿದ್ದ ಸಕ್ಕರೆ ಹಾಕಿಯೇ ಕಾಫಿ ಕೇಳಿದರು.

"ಹಂಗಾರೆ ಈಗ ನನ್ ಸರದಿ ಅಲ್ದಾ?" ಎಂದರು ತಂಗಿ. ಕಾಳು ಜೋಡಿಸಿ, ಒಂದು ಗುಳಿಯಿಂದ ಎತ್ತಿ, ಒಂದೊಂದೇ ಇಳಿಸುತ್ತಾ ಹೋಗಿ, ಅಣ್ಣನ ಕಾಳುಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡರು.

ಮುದುಕರು ಖಾಲಿ ಗುಳಿಗಳನ್ನು ನೋಡಿದರು. ನನ್ನನ್ನು ನೋಡಿದರು.

"ಅಮ್ಮ, ಈ ಕಾರ್ಡ್ ಪಟದ್ ಹಿಂದೆಯೇ ಇದ್ದಿದ್ರೆ ಒಳ್ಳೇದಿತ್ತ್!"

ಆಗಲೇ ನಾನು ನಕ್ಕದ್ದು. ಸೆರಗು ಅಡ್ಡ ಹಿಡಿಯಲೂ ನೆನಪಾಗಲಿಲ್ಲ.